ಜರ್ಬಿಲ್‌ಗೆ ನೀರು ಬೇಡವೇ? ಒಂದು ಸತ್ಯಾಂಶ

ಬೇಸಿಗೆ ಬಂತೆಂದರೆ ಕಲಬುರಗಿಯ ಮೊಬೈಲ್‌ಗಳಲ್ಲಿ ಒಂದು ಫಾರ್ವರ್ಡ್ ಮತ್ತೆ ಓಡಾಡುತ್ತದೆ: ಜರ್ಬಿಲ್ (ಪಂಜರದಲ್ಲಿ ಸಾಕುವ, ಇಲಿಯಂಥ ಪುಟ್ಟ ಜೀವಿ) ಮರುಭೂಮಿಯ ಪ್ರಾಣಿ, ಅದಕ್ಕೆ ನೀರಿಡಬೇಕಿಲ್ಲ, ನಮ್ಮ ಬಿಸಿಲೂ ಅದಕ್ಕೆ ಲೆಕ್ಕಕ್ಕಿಲ್ಲ.

ಇದರಲ್ಲಿ ಅರ್ಧ ನಿಜ ಇದೆ, ಅದಕ್ಕೇ ಜನ ನಂಬುತ್ತಾರೆ. ಸಾಕುವ ಜರ್ಬಿಲ್‌ನ ಮೂಲ ಮಂಗೋಲಿಯಾ ಮತ್ತು ಉತ್ತರ ಚೀನಾದ ಒಣ ಹುಲ್ಲುಗಾವಲು. ಅದರ ಮೂತ್ರ ತುಂಬ ಗಟ್ಟಿ, ಹಾಗಾಗಿ ಮೈಯ ನೀರು ಉಳಿಯುತ್ತದೆ. ಆದರೆ ಅಲ್ಲಿ ಅದು ಹಸಿರು ಸೊಪ್ಪು, ಗಿಡದ ಎಲೆಯನ್ನೂ ತಿನ್ನುತ್ತದೆ. ಬಿಸಿಲೇರಿದರೆ ತಂಪಾದ ಬಿಲಕ್ಕೆ ಇಳಿಯುತ್ತದೆ. ನಮ್ಮ ಪಂಜರದಲ್ಲಿ ಬಿಲ ಎಲ್ಲಿದೆ? ತಿನ್ನಲು ಒಣ ಜೋಳ, ಸಜ್ಜೆ. ಹೊರಗೆ ಮೇ ತಿಂಗಳ 40 ಡಿಗ್ರಿ ದಾಟಿದ ಬಿಸಿಲು. ಅಷ್ಟು ಸೆಕೆಗೆ ಅದು ಸಾಯಲೂಬಹುದು.

ಮರಿ ಹಾಕಿಸುವವರಂತೂ ಜಾಸ್ತಿ ಗಮನ ಕೊಡಬೇಕು. ಸುಮಾರು 25 ದಿನ ಗರ್ಭ, ಆಮೇಲೆ ಹಾಲೂಡಿಸುವ ದಿನಗಳು. ನೀರಿಲ್ಲದೆ ಹಾಲು ಎಲ್ಲಿಂದ ಬರಬೇಕು, ಅಲ್ವಾ? ಮರಿಗಳು ಓಡಾಡತೊಡಗಿದರೆ ಬಾಟಲಿಯ ನಳಿಕೆ ಅವುಗಳ ಬಾಯಿಗೆ ಎಟಕುವಂತಿರಲಿ.

ನೀವೇ ನೋಡಬಹುದು. ಬಾಟಲಿಯ ಮೇಲೆ ನೀರಿನ ಮಟ್ಟಕ್ಕೆ ಪೆನ್ನಿನಿಂದ ಗೆರೆ ಹಾಕಿ, ಮರುದಿನ ನೋಡಿ. ಸೋರಿಕೆ ಇಲ್ಲ ಅಂತ ಮೊದಲು ಖಚಿತ ಮಾಡಿಕೊಳ್ಳಿ. ಇಳಿಯುವುದು ಕೆಲವೇ ಮಿಲಿಲೀಟರ್, ಆದರೆ ಇಳಿದೇ ಇಳಿಯುತ್ತದೆ. ಇಂಥ ಮೆಸೇಜ್ ಬಂದಾಗ ಒಂದು ಪ್ರಶ್ನೆ ಸಾಕು: ಇದು ಕಾಡಿನ ಪ್ರಾಣಿಯ ಮಾತೋ, ಪಂಜರದ್ದೋ? ಅನುಮಾನ ಉಳಿದರೆ ಪಶುವೈದ್ಯರನ್ನು ಕೇಳಿ.