ಮಳೆ ರಜೆ ಮಕ್ಕಳಿಗೆ, ಕ್ಲಾಸು ಅಮ್ಮನಿಗೆ

ಜುಲೈ ತಿಂಗಳಲ್ಲಿ ಮಂಗಳೂರು, ಉಡುಪಿ ಕಡೆಯ ಮಕ್ಕಳು ಎದ್ದ ಕೂಡಲೇ ಕೇಳುವುದು ಒಂದೇ: "ಇವತ್ತು ರಜೆ ಉಂಟಾ?" ವಾಟ್ಸಾಪಿಗೆ ಜಿಲ್ಲಾಧಿಕಾರಿಗಳ ಆದೇಶ ಬಿತ್ತು ಅಂದರೆ ಮಕ್ಕಳು ವಾಪಸ್ ಕಂಬಳಿಯೊಳಗೆ. ಬಿ.ಎಡ್. ಓದುವ ಅಮ್ಮ ಮಾತ್ರ ಅದನ್ನು ಮೂರು ಸಲ ಓದುತ್ತಾಳೆ. ಅಂಗನವಾಡಿಯಿಂದ ಪದವಿಪೂರ್ವ ಕಾಲೇಜಿನವರೆಗೆ ಅಂತ ಇರುತ್ತದೆ, ಬಿ.ಎಡ್. ಕಾಲೇಜಿನ ಸುದ್ದಿ ಹೆಚ್ಚಾಗಿ ಇರುವುದಿಲ್ಲ. ಶಿಕ್ಷಕರ ತರಬೇತಿ ನೋಡಿಕೊಳ್ಳುವ ರಾಷ್ಟ್ರೀಯ ಮಂಡಳಿ ಎನ್‌ಸಿಟಿಇ ನಿಯಮದಲ್ಲಿ ತರಗತಿಗೆ ಶೇಕಡಾ 80, ಶಾಲೆಗೆ ಹೋಗಿ ಪಾಠ ಮಾಡುವ ಇಂಟರ್ನ್‌ಶಿಪ್‌ಗೆ 90 ಹಾಜರಿ ಬೇಕು. ಮಕ್ಕಳು ಅಜ್ಜಿಯ ಪಾಲು, ಅಮ್ಮ ಬಸ್ಸಿನ ಪಾಲು.

ಬಸ್ಸಿನಲ್ಲಿ ಚಾರ್ಟ್ ಒಯ್ಯುವುದೇ ಒಂದು ವಿದ್ಯೆ ಮಾರಾಯ್ರೆ. ಸ್ಕೆಚ್ ಪೆನ್ನಿನ ಶಾಯಿ ನೀರು ತಾಗಿದರೆ ಹರಡುತ್ತದೆ. ಮೇಲಿನ ಕಂಬಿಯಿಂದ ನಾಲ್ಕು ಹನಿ ಬಿದ್ದರೆ ಸಾಕು, ಹೃದಯದ ಚಿತ್ರ ಬಂಗುಡೆ ಸಾರಾಗುತ್ತದೆ. ಪರ್ಮನೆಂಟ್ ಮಾರ್ಕರಿನಲ್ಲೇ ಬರೆಯಿರಿ. ಬರೆದ ಬದಿ ಹೊರಗೆ ಬರುವಂತೆ ಸುತ್ತಿ, ಆಗ ಗೋಡೆಗೆ ಹಾಕಿದಾಗ ಕೆಳತುದಿ ಮುಂದಕ್ಕೆ ಸುರುಳಿಯಾಗುವುದಿಲ್ಲ. ಆಮೇಲೆ ಎರಡೂ ತುದಿಗೆ ಮುಚ್ಚಳವಿರುವ ಪಿವಿಸಿ ಪೈಪಿನೊಳಗೆ ತೂರಿಸಿ. ಕಂಡಕ್ಟರ್ ಪೈಪಿಗೂ ಟಿಕೆಟ್ ಕೇಳಿಯಾನು, ಅದು ಬೇರೆ ಮಾತು.

ಪುಟ್ಟ ಪಾಠ ಮಾಡಿ ಒಂದೊಂದೇ ಬೋಧನಾ ಕೌಶಲ ಕಲಿಯುವ ಮೈಕ್ರೋ ಟೀಚಿಂಗಿನ ಒಂದು ಸುತ್ತಿಗೆ 36 ನಿಮಿಷ: ಪಾಠ 6, ಅಭಿಪ್ರಾಯ 6, ತಿದ್ದಿ ಬರೆಯಲು 12, ಮತ್ತೆ ಪಾಠ 6, ಮತ್ತೆ ಅಭಿಪ್ರಾಯ 6. ಕಾಲೇಜಿನಲ್ಲಿ ಸಹಪಾಠಿಗಳೇ ವಿದ್ಯಾರ್ಥಿಗಳು. ಬೇಕಾದ ಉತ್ತರವನ್ನೇ ಕೊಟ್ಟು, ಬೇಕಾದಲ್ಲಿ ಮಾತ್ರ ತಪ್ಪು ಹೇಳುವ ಪುಣ್ಯಾತ್ಮರು. ಮನೆಯಲ್ಲಿ ಅಭ್ಯಾಸ ಮಾಡಿದರೆ ನಿಜ ಗೊತ್ತಾಗುತ್ತದೆ.

"ಮಳೆ ಎಲ್ಲಿಂದ ಬರ್ತದೆ ಮಗಾ?"

"ಕಿಟಕಿಯಿಂದ."

ತಪ್ಪು ಅನ್ನಬಾರದು, ಅದರ ಮೇಲೆಯೇ ಮುಂದಿನ ಪ್ರಶ್ನೆ ಕಟ್ಟಬೇಕು ಅನ್ನುತ್ತದೆ ಪ್ರಶ್ನಿಸುವ ಕೌಶಲ. "ಕಿಟಕಿಗೆ ಎಲ್ಲಿಂದ ಬಂತು?" "ಆಕಾಶದಿಂದ." "ಆಕಾಶಕ್ಕೆ?" "ಅಮ್ಮಾ, ಹಸಿವಾಗ್ತದೆ."

ಆರು ನಿಮಿಷ ಅಲ್ಲಿಗೆ ಮುಗಿಯಿತು. ಆದರೆ ಪಾಠಕ್ಕೆ ಪೀಠಿಕೆ ಸಿಗುವುದೂ ಅಲ್ಲೇ. ಒಲೆಯ ಮೇಲೆ ಕುಚ್ಚಲಕ್ಕಿ ಗಂಜಿ ಬೇಯುತ್ತಾ ಇರುತ್ತದಲ್ಲ, ಮುಚ್ಚಳವನ್ನು ಬಟ್ಟೆ ಹಿಡಿದು ಎತ್ತಿ, ಮಗು ದೂರ ನಿಂತಿರುವಾಗ ನಿಧಾನ ಓರೆ ಮಾಡಿ. ಅಡಿಯ ಸಣ್ಣ ಹನಿಗಳು ಒಂದಕ್ಕೊಂದು ಕೂಡಿ ದಪ್ಪವಾಗಿ, ಅಂಚಿಗೆ ಜಾರಿ, ಟಪ್ ಅಂತ ಬೀಳುತ್ತವೆ. ಬಿಸಿ ಆವಿ ತಂಪು ಮುಚ್ಚಳಕ್ಕೆ ತಾಗಿ ನೀರಾಯಿತು. ಸಾಂದ್ರೀಕರಣ ಎಂಬ ಪದ ಇನ್ನೂ ಬಂದೇ ಇಲ್ಲ, ಆಗಲೇ ಮಗು, "ಮೋಡವೂ ಹೀಗೆಯಾ?" ಅನ್ನುತ್ತದೆ.

ಪಾಠ ಯೋಜನೆಯಲ್ಲಿ ಬೋಧನೋಪಕರಣ ಅನ್ನುವ ಜಾಗದಲ್ಲಿ "ಗಂಜಿ ಪಾತ್ರೆಯ ಮುಚ್ಚಳ" ಎಂದು ಧೈರ್ಯವಾಗಿ ಬರೆಯಬಹುದು. ಕೆಂಪು ಶಾಯಿಯಲ್ಲಿ "ಚಾರ್ಟ್ ಎಲ್ಲಿ?" ಅಂತ ಬಂದರೆ ಪೈಪು ಉಂಟಲ್ಲ. ಮುಚ್ಚಳವನ್ನೂ ಬ್ಯಾಗಿಗೆ ತುಂಬಿಸಿಕೊಂಡು ಹೋದರೆ ಮಾತ್ರ, ಅವತ್ತು ಅಜ್ಜಿ ಗಂಜಿಗೆ ಊಟದ ಬಟ್ಟಲು ಮುಚ್ಚಬೇಕು.