ಕಟ್ಟಿದ ಮೇಲೆ ಒಮ್ಮೆ ಬಂದು ನೋಡಿ

ಯಾವುದೇ ದೊಡ್ಡ ಕಾಮಗಾರಿಯ ಪರಿಸರ ವರದಿಯನ್ನು ಕೈಗೆತ್ತಿಕೊಳ್ಳಿ. ಸದ್ದು, ದೂಳು, ನೀರು, ಎಲ್ಲಕ್ಕೂ ಅಂಕಿಗಳಿರುತ್ತವೆ. ‘ದೃಶ್ಯ ಪರಿಣಾಮ’ ಎಂಬ ಅಧ್ಯಾಯ ಬಂದೊಡನೆ ಅಂಕಿಗಳು ಮಾಯವಾಗಿ ಬಣ್ಣದ ಚಿತ್ರಗಳು ಶುರುವಾಗುತ್ತವೆ. ತಿಳಿನೀಲಿ ಆಕಾಶ, ಕತ್ತರಿಸಿಟ್ಟಂಥ ಹುಲ್ಲು, ಕೈ ಹಿಡಿದು ನಡೆಯುತ್ತಿರುವ ತಾಯಿ ಮಗು, ಕಟ್ಟಡದ ಅರ್ಧವನ್ನು ಮರೆಮಾಡುವಷ್ಟು ಬೆಳೆದ ಮರಗಳು. ಕೊನೆಯಲ್ಲೊಂದು ಕೋಷ್ಟಕ: ಕಾಮಗಾರಿ ಹಂತದ ಪರಿಣಾಮ ತಾತ್ಕಾಲಿಕ, ತಗ್ಗಿಸುವ ಕ್ರಮ ಗಿಡ ನೆಡುವುದು, ಉಳಿಯುವ ಪರಿಣಾಮ ನಗಣ್ಯ. ಇಂಥ ವರದಿಗಳನ್ನು ಓದುವುದು ನನ್ನ ಹೊಟ್ಟೆಪಾಡು. ಆ ‘ನಗಣ್ಯ’ವನ್ನು ಕಂಡಾಗಲೆಲ್ಲ ಮೈ ಉರಿಯುತ್ತದೆ. ಅದನ್ನು ಬರೆದ ಪುಣ್ಯಾತ್ಮರು ಕಟ್ಟಡ ಎದ್ದು ನಿಂತ ಮೇಲೆ ಅಲ್ಲಿಗೆ ಹೋಗಿ ನೋಡಿರುವುದು ತೀರ ಅಪರೂಪ.

ಬಲ್ಲವರು ಇಲ್ಲಿ ಎರಡು ಲೆಕ್ಕಗಳನ್ನು ಬೇರೆ ಬೇರೆಯಾಗಿ ಇಡುತ್ತಾರೆ. ಗುಡ್ಡವನ್ನು ಕಡಿದರು, ಹಳ್ಳದ ದಿಕ್ಕು ತಿರುಗಿಸಿದರು, ಮರಗಳ ಸಾಲು ಹೋಯಿತು: ಇದು ನೆಲಕ್ಕೇ ಬಿದ್ದ ಪೆಟ್ಟು, ನೋಡಲು ಒಬ್ಬರೂ ಇಲ್ಲದಿದ್ದರೂ ಬಿದ್ದದ್ದೇ. ಯಾರ ಕಿಟಕಿಯಿಂದ, ಯಾವ ಕಾಲುದಾರಿಯಿಂದ, ಎಷ್ಟು ಹೊತ್ತು ಅದು ಕಣ್ಣಿಗೆ ಬೀಳುತ್ತದೆ ಎಂಬುದು ಎರಡನೆಯ ಲೆಕ್ಕ. ಹೆದ್ದಾರಿಯಲ್ಲಿ ಕಾರು ಓಡಿಸಿಕೊಂಡು ಹೋಗುವವನಿಗೆ ಒಂದು ಗೋಪುರ ಅರ್ಧ ನಿಮಿಷದ ನೋಟ. ಅದರ ಎದುರು ಮನೆಯಿರುವವರಿಗೆ ಅದು ಜೀವಮಾನದ ನೋಟ. ಭೂದೃಶ್ಯದ ಮತ್ತು ನೋಟದ ಮೇಲಿನ ಪರಿಣಾಮ ಅಳೆಯಲು ಬ್ರಿಟನ್ನಿನಲ್ಲಿ 2013ರಿಂದ ಬಳಕೆಯಲ್ಲಿರುವ ಮಾರ್ಗದರ್ಶಿ ಸೂತ್ರಗಳ ಮೂರನೆಯ ಆವೃತ್ತಿ ಈ ಎರಡನ್ನೂ ಪ್ರತ್ಯೇಕವಾಗಿಯೇ ಅಳೆಯಬೇಕೆನ್ನುತ್ತದೆ. ನನ್ನ ಮೇಜಿಗೆ ಬರುವ ವರದಿಗಳಲ್ಲಿ ಎರಡೂ ಕಲಸಿಹೋಗಿರುತ್ತವೆ. ಕಲಸಿದರೆ ಒಂದು ಅನುಕೂಲವಿದೆ. ‘ಇಲ್ಲಿ ಜನವಸತಿ ಇಲ್ಲ’ ಎಂದು ಬರೆದು ಇಡೀ ಗುಡ್ಡವನ್ನೇ ಲೆಕ್ಕದಿಂದ ತೆಗೆದುಬಿಡಬಹುದು.

ಈಗ ಆ ಚಿತ್ರಗಳ ವಿಚಾರ. ಮನುಷ್ಯನ ಕಣ್ಣಿಗೆ ಕಾಣುವ ಗಾತ್ರಕ್ಕೆ ಹತ್ತಿರದ ಚಿತ್ರ ಬೇಕೆಂದರೆ ಪೂರ್ಣ ಚೌಕಟ್ಟಿನ (ಫುಲ್ ಫ್ರೇಮ್) ಕ್ಯಾಮೆರಾಕ್ಕೆ 50 ಮಿಲಿಮೀಟರ್ ಲೆನ್ಸ್ ಹಾಕಿ, ನಿಂತವರ ಕಣ್ಣಿನ ಎತ್ತರದಿಂದ ತೆಗೆಯಬೇಕೆಂಬುದು ಈ ವೃತ್ತಿಯಲ್ಲಿ ಎಲ್ಲರಿಗೂ ಗೊತ್ತು. ಅಗಲ ಕೋನದ ಲೆನ್ಸ್ ಹಾಕಿದರೆ ದೂರದ ವಸ್ತುಗಳೆಲ್ಲ ಇನ್ನೂ ದೂರ ಸರಿಯುತ್ತವೆ, ಮೂವತ್ತು ಅಂತಸ್ತಿನ ಕಟ್ಟಡ ದಿಗಂತದ ಮೇಲಿನ ಚುಕ್ಕೆಯಾಗುತ್ತದೆ, ಮುಂದಿರುವ ಹುಲ್ಲು ಚಿತ್ರದ ಅರ್ಧ ತುಂಬುತ್ತದೆ. ಸುಳ್ಳು ಹೇಳಿದಂತೆಯೂ ಆಗುವುದಿಲ್ಲ, ನಿಜ ಹೇಳಿದಂತೆಯೂ ಆಗುವುದಿಲ್ಲ. ಒಳ್ಳೆಯ ಚಿತ್ರವನ್ನು ಕೂಡ ಕಾಗದದ ಮೂಲೆಯಲ್ಲಿ ಅಂಗೈಯಗಲ ಅಚ್ಚು ಹಾಕಿದರೆ ಪರಿಣಾಮ ಅದೇ. ವರದಿ ನಿಮ್ಮ ಕೈಗೆ ಬಂದರೆ ಮೊದಲು ನೋಡಬೇಕಾದದ್ದು ಚಿತ್ರದ ಕೆಳಗಿನ ಸಣ್ಣ ಅಕ್ಷರಗಳನ್ನು: ಯಾವ ಲೆನ್ಸ್, ಎಷ್ಟು ಎತ್ತರ, ಯಾವ ದಿನ, ಯಾವ ಹೊತ್ತು, ನಿಂತ ಜಾಗ ನಕ್ಷೆಯಲ್ಲಿ ಎಲ್ಲಿದೆ. ಇಷ್ಟು ಬರೆದಿಲ್ಲವೆಂದರೆ ಅದು ಜಾಹೀರಾತು, ಅದಕ್ಕೆ ಸಲ್ಲುವಷ್ಟೇ ನಂಬಿಕೆಯನ್ನು ಅದಕ್ಕೆ ಕೊಡಿ.

ಚಿತ್ರದಲ್ಲಿ ಎಂದೂ ಇರದ ಇನ್ನೊಂದು ಸಂಗತಿ ಕಾಮಗಾರಿಯ ಕಾಲ. ಕಟ್ಟಡ ಇಲ್ಲದ ಚಿತ್ರವೊಂದು, ಕಟ್ಟಿ ಮುಗಿದ ಚಿತ್ರವೊಂದು. ನಡುವಿನ ವರ್ಷಗಳ ಕ್ರೇನುಗಳು, ಅಗೆದ ಮಣ್ಣಿನ ಗುಡ್ಡೆಗಳು, ತುಕ್ಕು ಹಿಡಿದ ಕಬ್ಬಿಣದ ರಾಶಿ, ಶೆಡ್ಡುಗಳು, ಲಾರಿಗಳು ಓಡಾಡಿ ಕೆಸರಾದ ದಾರಿ, ರಾತ್ರಿಯಿಡೀ ಉರಿಯುವ ಫ್ಲಡ್‌ಲೈಟು, ಇವು ಯಾವ ಚಿತ್ರದಲ್ಲೂ ಇಲ್ಲ. ಇವೆಲ್ಲ ‘ತಾತ್ಕಾಲಿಕ’ ಎಂಬ ಒಂದೇ ಪದದ ಕೆಳಗೆ ಹೋಗುತ್ತವೆ. ಹಂತ ಹಂತವಾಗಿ ನಡೆಯುವ ಕಾಮಗಾರಿ ಆರೇಳು ವರ್ಷ ಎಳೆಯುವುದು ಮಾಮೂಲು. ಒಂದನೆಯ ತರಗತಿಗೆ ಸೇರಿದ ಮಗು ಪ್ರಾಥಮಿಕ ಶಾಲೆ ಮುಗಿಸುವವರೆಗೂ ತಗಡಿನ ಗೋಡೆಯ ಪಕ್ಕದಲ್ಲೇ ನಡೆದು ಹೋಗುತ್ತದೆ. ಆ ತಗಡಿನ ಮೇಲೆ ಕಾಡು, ಜಿಂಕೆ, ಚಿಟ್ಟೆಗಳ ಚಿತ್ರ ಬರೆಸುವ ಹೊಸ ಚಾಳಿಯೊಂದು ಬಂದಿದೆ. ಒಳಗೆ ಮರ ಕಡಿಯುತ್ತಾ ಹೊರಗೆ ಮರ ಬರೆಸುವವರ ಧೈರ್ಯಕ್ಕೆ ನಾನು ತಲೆಬಾಗುತ್ತೇನೆ.

ಮರದ ವಿಚಾರಕ್ಕೆ ಬಂದಿದ್ದೇನೆ, ಸ್ವಲ್ಪ ನಿಲ್ಲುತ್ತೇನೆ. ‘ಈ ಮರವನ್ನು ಉಳಿಸಿಕೊಳ್ಳಲಾಗುವುದು’ ಎಂದು ನಕ್ಷೆಯಲ್ಲಿ ಹಸಿರು ವೃತ್ತ ಹಾಕಿರುತ್ತಾರೆ. ಬೇರುಗಳ ಬಹುಪಾಲು ಇರುವುದು ನೆಲದ ಮೇಲ್ಪದರದ ಒಂದು ಮೀಟರಿನೊಳಗೆ, ಮತ್ತು ಅವು ಕೊಂಬೆಗಳ ನೆರಳನ್ನೂ ದಾಟಿ ಹರಡಿರುತ್ತವೆ. ಕಾಮಗಾರಿಯ ಜಾಗದಲ್ಲಿರುವ ಮರಗಳಿಗೆಂದೇ ಇರುವ ಬ್ರಿಟಿಷ್ ಮಾನಕ 5837ರ ಪ್ರಕಾರ ಕಾಂಡದ ವ್ಯಾಸದ 12 ಪಟ್ಟು ದೂರದವರೆಗೆ ಸುತ್ತಲೂ ಯಾರೂ ಕಾಲಿಡಬಾರದು. ಅಂದರೆ ಅರ್ಧ ಮೀಟರ್ ದಪ್ಪದ ಮರಕ್ಕೆ ಆರು ಮೀಟರ್ ತ್ರಿಜ್ಯದ ಬೇಲಿ. ಸೈಟಿನಲ್ಲಿ ನಡೆಯುವುದು ಬೇರೆ. ಮೊದಲ ವಾರ ಬೇಲಿ ಸರಿಯಾದ ಜಾಗದಲ್ಲೇ ಇರುತ್ತದೆ. ಆಮೇಲೆ ಲಾರಿ ತಿರುಗಿಸಲು ಜಾಗ ಸಾಲದೆ ಒಂದು ಬದಿ ಒಳಕ್ಕೆ ಸರಿಯುತ್ತದೆ. ಮರದ ಕೆಳಗೆ ನೆರಳಿದೆಯೆಂದು ಸಿಮೆಂಟಿನ ಚೀಲಗಳು ಬರುತ್ತವೆ, ಅವುಗಳ ಮೇಲೆ ಟರ್ಪಾಲು. ಕಾಂಕ್ರೀಟು ಕಲಸಿದ ಬಾಂಡ್ಲಿಗಳನ್ನು ತೊಳೆದ ಬೂದುಬಣ್ಣದ ನೀರು ಬುಡದತ್ತಲೇ ಹರಿಯುತ್ತದೆ, ಸುಣ್ಣದಂತೆ ಕ್ಷಾರವಾದ ನೀರು ಅದು. ಕಾಂಡಕ್ಕೆ ಮೊಳೆ ಹೊಡೆದು ವಿದ್ಯುತ್ ತಂತಿ ಎಳೆಯುತ್ತಾರೆ. ಕೊನೆಗೊಂದು ದಿನ ಜಲ್ಲಿಯ ರಾಶಿ ಕಾಂಡಕ್ಕೇ ಒರಗುತ್ತದೆ. ಮರ ಅಂದೇ ಸಾಯುವುದಿಲ್ಲ, ಅದೇ ತೊಂದರೆ. ಮಣ್ಣು ಅಮುಕಿ ಗಟ್ಟಿಯಾಗಿ ಬೇರಿಗೆ ಗಾಳಿ ನೀರು ಸಿಗದೆ, ಮೂರೋ ನಾಲ್ಕೋ ವರ್ಷ ಬಿಟ್ಟು ತುದಿಯಿಂದ ಒಣಗುತ್ತಾ ಬರುತ್ತದೆ. ಅಷ್ಟರಲ್ಲಿ ಕೊನೆಯ ಬಿಲ್ಲೂ ಪಾಸಾಗಿರುತ್ತದೆ. ಗುತ್ತಿಗೆದಾರರನ್ನು ಕೇಳಿದರೆ ‘ನಾವು ಬಿಟ್ಟು ಹೋದಾಗ ಹಸಿರಾಗಿತ್ತಲ್ಲ ಸಾರ್’ ಎನ್ನುತ್ತಾರೆ. ಅವರು ಹೇಳುವುದು ನಿಜವೇ.

ಇದನ್ನೆಲ್ಲ ಹೇಳಿದರೆ ‘ಹಾಗಾದರೆ ಏನೂ ಕಟ್ಟಲೇಬಾರದೆ?’ ಎಂಬ ಪ್ರಶ್ನೆ ಬರುತ್ತದೆ. ಅದಕ್ಕೆ ನನ್ನ ಉತ್ತರ ಅಮೆರಿಕದ ಉತ್ತರ ಕೆರೊಲಿನಾದಲ್ಲಿರುವ ಲಿನ್ ಕೋವ್ ಮೇಲ್ಸೇತುವೆ. ಬ್ಲೂ ರಿಡ್ಜ್ ಪಾರ್ಕ್‌ವೇ ಎಂಬ ಗುಡ್ಡಗಾಡಿನ ರಸ್ತೆಯ ಕೆಲಸ 1935ರಲ್ಲಿ ಆರಂಭವಾಯಿತು. ಗ್ರ್ಯಾಂಡ್‌ಫಾದರ್ ಪರ್ವತದ ಪಕ್ಕದ ಒಂದು ತುಣುಕು ಮಾತ್ರ ದಶಕಗಳವರೆಗೆ ಬಾಕಿ ಉಳಿಯಿತು. ಪರ್ವತದ ಮೈಯನ್ನು ಕಡಿದು ರಸ್ತೆ ಮಾಡಲು ಅದರ ಮಾಲೀಕ ಹ್ಯೂ ಮಾರ್ಟನ್ ಒಪ್ಪಲಿಲ್ಲ. ಕೊನೆಗೆ ಎಂಜಿನಿಯರುಗಳು ಮಾಡಿದ ಉಪಾಯವೆಂದರೆ ನೆಲದ ಮೇಲೆ ನಿಂತು ಕಟ್ಟುವುದನ್ನೇ ಬಿಟ್ಟದ್ದು. ತಲಾ ಸುಮಾರು 50 ಟನ್ ತೂಗುವ 153 ಕಾಂಕ್ರೀಟ್ ತುಂಡುಗಳನ್ನು ಬೇರೆಡೆ ಎರಕ ಹೊಯ್ದರು. ಅಷ್ಟರವರೆಗೆ ಕಟ್ಟಿ ಮುಗಿದ ಸೇತುವೆಯ ಭಾಗದ ಮೇಲೆಯೇ ಅವನ್ನು ಸಾಗಿಸಿ, ಅದರ ತುದಿಯಿಂದ ಮುಂದಕ್ಕೆ ಒಂದೊಂದಾಗಿ ಜೋಡಿಸುತ್ತಾ ಹೋದರು. ನೆಲದ ಮೇಲೆ ನಡೆದ ಕೆಲಸವೆಂದರೆ ಏಳು ಕಂಬಗಳ ಅಡಿಪಾಯಕ್ಕೆ ಕೊರೆದದ್ದಷ್ಟೇ. ಸೇತುವೆಯ ನೇರ ಕೆಳಗಿದ್ದ ಮರಗಳನ್ನು ಬಿಟ್ಟು ಬೇರೆ ಮರ ಕಡಿಯಲಿಲ್ಲ. ಕಾಂಕ್ರೀಟಿನ ಬಣ್ಣ ಅಲ್ಲಿನ ಬಂಡೆಗೆ ಹೊಂದಲೆಂದು ಅದಕ್ಕೆ ಕಬ್ಬಿಣದ ಆಕ್ಸೈಡ್ ಬೆರೆಸಿದರು. ನನಗೆ ತೀರ ಇಷ್ಟವಾದ ವಿವರ ಇನ್ನೊಂದಿದೆ: ಕೆಲಸ ನಡೆಯುವಾಗ ಕಾಂಕ್ರೀಟಿನ ಮತ್ತು ಅಂಟಿನ ಕಲೆ ತಾಗಬಾರದೆಂದು ಕೆಳಗಿನ ಬಂಡೆಗಳನ್ನು ಮುಚ್ಚಿಟ್ಟಿದ್ದರು. ಬಂಡೆಗೆ ಹೊದಿಕೆ! ಸೇತುವೆ 1983ರಲ್ಲಿ ಪೂರ್ಣಗೊಂಡಿತು, ನಾಲ್ಕು ವರ್ಷದ ನಂತರ ರಸ್ತೆ ಸಂಚಾರಕ್ಕೆ ತೆರೆಯಿತು. ಇಂದು ಆ ಸೇತುವೆಯನ್ನು ನೋಡಲೆಂದೇ ಜನ ಹೋಗುತ್ತಾರೆ.

ಎಲ್ಲ ಕಾಮಗಾರಿಗೂ ಅಷ್ಟು ಹಣವಿರುವುದಿಲ್ಲ, ಒಪ್ಪುತ್ತೇನೆ. ಆದರೆ ಕಾಸು ಬೇಡದ ಸಂಗತಿಗಳೂ ಇವೆ. ಬಣ್ಣವನ್ನೇ ನೋಡಿ. ನೀರಿನ ಟ್ಯಾಂಕು, ಗೋದಾಮಿನ ಚಾವಣಿ ಎದ್ದು ಕಾಣಬಾರದೆಂದು ಥಳಥಳಿಸುವ ಹಸಿರು ಬಳಿಯುತ್ತಾರೆ, ಅದು ಮೈಲಿ ದೂರದಿಂದ ಕೂಗಿ ಕರೆಯುತ್ತದೆ. ಗಿಡಮರಗಳ ಮೈಯಲ್ಲಿ ನೂರು ನೆರಳುಗಳಿರುತ್ತವೆ, ನುಣುಪು ತಗಡಿನಲ್ಲಿ ಒಂದೂ ಇರುವುದಿಲ್ಲ. ಆದ್ದರಿಂದ ಹಿನ್ನೆಲೆಗಿಂತ ಒಂದೆರಡು ಛಾಯೆ ಗಾಢವಾದ, ಹೊಳಪಿಲ್ಲದ ಬಣ್ಣ ಬೇಕು. ದೀಪಗಳಿಗೆ ಮೇಲ್ಗಡೆ ಮುಚ್ಚಳ ಹಾಕಿ ಕೆಳಕ್ಕೆ ತಿರುಗಿಸಿದರೆ ಅರ್ಧ ದೂರು ನಿಲ್ಲುತ್ತದೆ. ಮೇಲ್ಮಣ್ಣನ್ನು ಬೇರೆಯಾಗಿ ತೆಗೆದು, ತಗ್ಗು ಗುಡ್ಡೆ ಮಾಡಿ, ಒದ್ದೆಯಿರುವಾಗ ಮುಟ್ಟದೆ ಇಟ್ಟುಕೊಂಡರೆ ಕೊನೆಗೆ ಹುಲ್ಲು ತಾನಾಗಿ ಬರುತ್ತದೆ. ಮರೆಗಾಗಿ ನೆಡುವ ಗಿಡಗಳನ್ನು ಉದ್ಘಾಟನೆಯ ಹಿಂದಿನ ವಾರ ನೆಡುವ ಬದಲು ಅಡಿಪಾಯಕ್ಕೂ ಮೊದಲೇ ನೆಟ್ಟರೆ ಕಾಮಗಾರಿಯ ಅಷ್ಟೂ ವರ್ಷ ಅವು ಬೆಳೆದಿರುತ್ತವೆ. ಎಳೆಯ ಸಸಿಗಳು ಬೇಗ ಬೇರೂರುತ್ತವೆ. ಲಾರಿಯಲ್ಲಿ ತಂದು ನಿಲ್ಲಿಸಿದ ದೊಡ್ಡ ಮರ ಆಘಾತದಿಂದ ಚೇತರಿಸಿಕೊಳ್ಳುವಷ್ಟರಲ್ಲಿ ಅವು ಅದನ್ನು ಹಿಂದೆ ಹಾಕುವುದೂ ಉಂಟು. ಆದರೆ ಮಂತ್ರಿಗಳ ಫೋಟೋಕ್ಕೆ ಸಸಿ ಸಾಲದು.

ಇಷ್ಟು ಕ್ರಮಗಳನ್ನು ಕಾಗದದ ಮೇಲೆ ಬರೆಯುವುದು ಸುಲಭ. ನನ್ನ ಜಗಳವಿರುವುದು ಕಾಗದದ ಮುಂದಿನ ಹಂತದಲ್ಲಿ. ಹಾಂಗ್‌ಕಾಂಗಿನಲ್ಲಿ 1998ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಪರಿಸರ ಪರಿಣಾಮ ಕಾನೂನಿನಡಿ ದೊಡ್ಡ ಯೋಜನೆಗಳಿಗೆ ಪರವಾನಗಿ ಬೇಕು, ಅದರ ಜೊತೆಗೇ ಮೇಲ್ವಿಚಾರಣೆಯ ಕೈಪಿಡಿಯೂ ಇರುತ್ತದೆ. ಭೂದೃಶ್ಯವೂ ಅದರೊಳಗೆ ಬರುತ್ತದೆ: ಮರಗಳ ಬೇಲಿ, ತಡೆಗೋಡೆ, ರಾತ್ರಿಯ ದೀಪ, ಸ್ಥಳಾಂತರಿಸಿದ ಮರಗಳ ಸ್ಥಿತಿ, ಇವನ್ನು ಸೈಟಿಗೆ ಹೋಗಿ ನಿಯಮಿತವಾಗಿ ಪರಿಶೀಲಿಸುತ್ತಾರೆ. ಅದನ್ನು ಸ್ವತಂತ್ರ ಪರಿಶೀಲಕರೊಬ್ಬರು ದೃಢೀಕರಿಸುತ್ತಾರೆ, ವರದಿಗಳು ಸಾರ್ವಜನಿಕರಿಗೆ ಸಿಗುತ್ತವೆ. ಇಂಥ ವ್ಯವಸ್ಥೆಯಲ್ಲೂ ಕಳೆದ ತಿಂಗಳ ವರದಿಯ ದಿನಾಂಕ ತಿದ್ದಿ ಈ ತಿಂಗಳು ಕಳಿಸುವ ಅಪಾಯ ಇದ್ದೇ ಇದೆ. ಹಾಗಿದ್ದರೂ ವ್ಯವಸ್ಥೆಯೇ ಇಲ್ಲದಿರುವುದಕ್ಕಿಂತ ಸಾವಿರ ಪಾಲು ಮೇಲು. ತಿಂಗಳಿಗೊಮ್ಮೆ ಯಾರೋ ಬಂದು ಬೇಲಿಯ ಅಳತೆ ಹಿಡಿಯುತ್ತಾರೆ ಎಂಬ ಅರಿವೊಂದೇ ಬೇಲಿಯನ್ನು ಅರ್ಧ ಕಾಯುತ್ತದೆ.

ನನ್ನನ್ನು ಕೇಳಿದರೆ ಮೇಲ್ವಿಚಾರಣೆಯ ಜೀವಾಳ ಒಂದೇ: ವರದಿಯ ಚಿತ್ರ ತೆಗೆದ ಅದೇ ಜಾಗದಲ್ಲಿ, ಅದೇ ಲೆನ್ಸ್ ಹಾಕಿ, ಅದೇ ಎತ್ತರದಿಂದ ಮತ್ತೆ ಮತ್ತೆ ತೆಗೆದ ಫೋಟೋ. ಆ ಜಾಗಕ್ಕೆ ನೆಲದಲ್ಲೊಂದು ಗೂಟ ಹೊಡೆದಿರಬೇಕು. ಕಾಮಗಾರಿ ಶುರುವಾಗುವ ಮುನ್ನ, ನಡೆಯುವಾಗ ಪ್ರತಿ ತಿಂಗಳು, ಮುಗಿದ ವರ್ಷ, ಗಿಡಗಳು ಬೆಳೆಯುವ ಮುಂದಿನ ವರ್ಷಗಳಲ್ಲಿ. ಹದಿನೈದನೆಯ ವರ್ಷದಲ್ಲಿ ಗಿಡಗಳು ಕಟ್ಟಡವನ್ನು ಮರೆಮಾಡುತ್ತವೆ ಎಂದು ಚಿತ್ರ ಬರೆಸುತ್ತಾರಲ್ಲ, ಆ ಹದಿನೈದನೆಯ ವರ್ಷದಲ್ಲಿ ಹೋಗಿ ನೋಡಿದವರು ಎಷ್ಟು ಮಂದಿ? ನಿರ್ವಹಣೆಯ ಕರಾರು ಒಂದೆರಡು ವರ್ಷಕ್ಕೆ ಮುಗಿದಿರುತ್ತದೆ. ಐದು ವರ್ಷದೊಳಗೆ ಸತ್ತ ಗಿಡಕ್ಕೆ ಬದಲಿ ಗಿಡ ನೆಡಬೇಕೆಂಬ ಷರತ್ತು ಬ್ರಿಟನ್ನಿನಲ್ಲಿ ಸಾಮಾನ್ಯ. ಆ ಐದು ವರ್ಷವೂ ನನಗೆ ಕಡಿಮೆಯೆಂದೇ ಅನ್ನಿಸುತ್ತದೆ.

‘ಚಂದ ಎಂಬುದು ಅವರವರ ಕಣ್ಣಿಗೆ’ ಎಂಬ ವಾದವನ್ನು ಕೇಳಿ ಕೇಳಿ ಸಾಕಾಗಿದೆ. ಅಮೆರಿಕದ ಭೂ ನಿರ್ವಹಣಾ ಇಲಾಖೆ ದಶಕಗಳಿಂದ ಆಕಾರ, ಗೆರೆ, ಬಣ್ಣ, ಮೇಲ್ಮೈ ಎಂಬ ನಾಲ್ಕು ಅಂಶಗಳಲ್ಲಿ ಹೊಸ ರಚನೆಯು ಸುತ್ತಲಿನ ನೆಲಕ್ಕಿಂತ ಎಷ್ಟು ಭಿನ್ನವಾಗಿ ಕಾಣುತ್ತದೆ ಎಂದು ತೂಗುತ್ತಾ ಬಂದಿದೆ. ಈ ತೂಗುವಿಕೆಯಲ್ಲಿ ಚಂದವೋ ಅಲ್ಲವೋ ಎಂಬ ಪ್ರಶ್ನೆ ಬರುವುದಿಲ್ಲ. ಚಂದದ ಜಾಗಗಳಿಗೆ ಮಾತ್ರ ಈ ಕಾಳಜಿ ಸಾಕು ಎನ್ನುವವರಿಗೆ 2000ದಲ್ಲಿ ಫ್ಲಾರೆನ್ಸಿನಲ್ಲಿ ಸಹಿಯಾದ ಯುರೋಪಿನ ಭೂದೃಶ್ಯ ಒಪ್ಪಂದವನ್ನು ತೋರಿಸುತ್ತೇನೆ. ದಿನನಿತ್ಯದ ಸಾಧಾರಣ ನೆಲವೂ, ಕೆಟ್ಟುಹೋದ ನೆಲವೂ ಅದರ ವ್ಯಾಪ್ತಿಯಲ್ಲಿವೆ. ಹೆಚ್ಚಿನ ಜನ ಬದುಕುವುದು ಅಂಥ ಜಾಗಗಳಲ್ಲೇ ಅಲ್ಲವೇ?

ಹೆಸರಾಂತ ಜಾಗಗಳಲ್ಲೂ ಹೊತ್ತು ಮೀರಿದರೆ ಏನೂ ನಡೆಯುವುದಿಲ್ಲ. ಜರ್ಮನಿಯ ಎರಡು ಊರುಗಳ ಕಥೆ ಕೇಳಿ. ಕಲೋನಿನ ಕೆಥೆಡ್ರಲ್ಲಿನ ಎದುರು, ರೈನ್ ನದಿಯ ಆಚೆ ದಂಡೆಯಲ್ಲಿ, ಎತ್ತರದ ಕಟ್ಟಡಗಳ ಯೋಜನೆ ಬಂದಾಗ ಯುನೆಸ್ಕೊ 2004ರಲ್ಲಿ ಕೆಥೆಡ್ರಲ್ಲನ್ನು ಅಪಾಯದಲ್ಲಿರುವ ವಿಶ್ವ ಪರಂಪರೆಯ ತಾಣಗಳ ಪಟ್ಟಿಗೆ ಹಾಕಿತು. ನಗರಾಡಳಿತ ಎತ್ತರಕ್ಕೆ ಮಿತಿ ಹಾಕಿದ್ದರಿಂದ 2006ರಲ್ಲಿ ತೆಗೆಯಿತು. ಡ್ರೆಸ್ಡೆನ್ನಿನಲ್ಲಿ ಎಲ್ಬೆ ಕಣಿವೆಯ ನಡುವೆ ಸೇತುವೆ ಬೇಡ, ಸುರಂಗ ಮಾಡಿ ಎಂದರೂ ಕೆಲಸ ನಿಲ್ಲಲಿಲ್ಲ. 2009ರಲ್ಲಿ ವಿಶ್ವ ಪರಂಪರೆಯ ಪಟ್ಟಿಯಿಂದ ಕಣಿವೆಯ ಹೆಸರೇ ಹೋಯಿತು. ಕಲೋನಿನಲ್ಲಿ ಬದಲಾಗಬೇಕಿದ್ದದ್ದು ಇನ್ನೂ ನಕ್ಷೆಯಲ್ಲಿರುವಾಗಲೇ ಬದಲಾಯಿತು.

ನಕ್ಷೆಯಲ್ಲಿರುವಾಗಲೇ ಜನರಿಗೆ ಅದು ಕಣ್ಣಾರೆ ಕಾಣುವಂತೆ ಮಾಡಲು ಸ್ವಿಟ್ಜರ್ಲೆಂಡಿನಲ್ಲಿ ಸರಳ ಪದ್ಧತಿಯೊಂದಿದೆ. ಅನುಮತಿಗೆ ಅರ್ಜಿ ಹಾಕುವವರು ಬರಲಿರುವ ಕಟ್ಟಡದ ಮೂಲೆಗಳಲ್ಲಿ ಅದರ ನಿಜವಾದ ಎತ್ತರಕ್ಕೆ ಕಂಬಗಳನ್ನು ನಿಲ್ಲಿಸಬೇಕು, ಚಾವಣಿಯ ಇಳಿಜಾರು ಕೂಡ ಅದರಲ್ಲಿ ತಿಳಿಯುತ್ತದೆ. ಲೆನ್ಸಿನ ಮೋಸವಿಲ್ಲ, ಕೃತಕ ಮರಗಳಿಲ್ಲ. ದಾರಿಯಲ್ಲಿ ಹೋಗುವ ಯಾರೇ ಆದರೂ ತಲೆಯೆತ್ತಿ ನೋಡಿ ‘ಓ, ಇಷ್ಟೆತ್ತರವೇ’ ಎನ್ನಬಹುದು, ತಕರಾರಿದ್ದರೆ ಅವಧಿಯೊಳಗೆ ಸಲ್ಲಿಸಬಹುದು.

ನಿಮ್ಮಲ್ಲಿ ಯಾರಾದರೂ ಇಂಥ ಯೋಜನೆಯ ಸಾರ್ವಜನಿಕ ವಿಚಾರಣೆಗೆ ಹೋಗುವವರಿದ್ದರೆ, ಬಣ್ಣದ ಚಿತ್ರಗಳ ಬಗ್ಗೆ ವಾದಕ್ಕಿಳಿಯಬೇಡಿ, ಅಲ್ಲಿ ಅವರೇ ಗೆಲ್ಲುತ್ತಾರೆ. ಮೂರು ಪ್ರಶ್ನೆ ಕೇಳಿ. ಫೋಟೋ ತೆಗೆದ ಜಾಗಗಳ ಪಟ್ಟಿ ಕೊಡುತ್ತೀರಾ? ಅಲ್ಲಿಂದ ಪ್ರತಿ ತಿಂಗಳು ಫೋಟೋ ತೆಗೆಯುವವರಿಗೆ ಸಂಬಳ ಕೊಡುವವರು ಗುತ್ತಿಗೆದಾರರೋ, ಬೇರೆಯವರೋ? ಮರದ ಬೇಲಿ ಸರಿದಿದ್ದು ಫೋಟೋದಲ್ಲಿ ಕಂಡರೆ ಯಾವ ಬಿಲ್ಲಿನಿಂದ ಎಷ್ಟು ಹಣ ಹಿಡಿಯುತ್ತೀರಿ? ಉತ್ತರವನ್ನು ನಡಾವಳಿಯಲ್ಲಿ ಬರೆಸಿಕೊಂಡೇ ಎದ್ದು ಬನ್ನಿ.