ಕಾಲು ಪದಕ್ಕೊಂದು ಡಬ್ಬ

ನ್ಯೂಜೆರ್ಸಿಯಲ್ಲಿರುವ ನನ್ನ ಮೈದುನ ಈ ಸಲ ಬರುವಾಗ ಅವರಮ್ಮನಿಗೆ ಮೂರು ಡಬ್ಬ ಮಲ್ಟಿವಿಟಮಿನ್ ತಂದ. ಡಬ್ಬದ ಬಾಯಿಗೆ ಹತ್ತಿ. ಹತ್ತಿಯ ಕೆಳಗೆ 'ತಿನ್ನಬೇಡಿ' ಎಂದು ಬರೆದ ಪುಟ್ಟ ಪೊಟ್ಟಣ. ಅದರ ಕೆಳಗೆ ಕಡಲೆಬೀಜಕ್ಕಿಂತ ದಪ್ಪನೆಯ ಮಾತ್ರೆಗಳು. ಮುಚ್ಚಳವನ್ನು ಒತ್ತಿ ಹಿಡಿದು ತಿರುಗಿಸಬೇಕು. ಮಕ್ಕಳ ಕೈಗೆ ಸಿಗಬಾರದು ಅಂತ ಹಾಗೆ ಮಾಡಿದ್ದಾರಂತೆ. 71 ವರ್ಷದ ನಮ್ಮತ್ತೆಗೆ ಅದನ್ನು ತೆಗೆಯಲು ಆಗುವುದಿಲ್ಲ. ದಿನಾ ಬೆಳಿಗ್ಗೆ ಏಳನೇ ಕ್ಲಾಸಿನ ನನ್ನ ಮಗ ತೆಗೆದುಕೊಡುತ್ತಾನೆ.

"ಅಮ್ಮಂಗೆ ನೆನಪು ಚುರುಕಾಗತ್ತೆ ಅತ್ತಿಗೆ. ಮೂಡ್ ಕೂಡ ಚೆನ್ನಾಗಿರತ್ತೆ. ರಿಸರ್ಚ್ ಆಗಿದೆ," ಅಂದ ಮೈದುನ.

ನನ್ನ ಎದೆ ಧಸಕ್ಕೆಂದಿತು. ಅತ್ತೆಯ ನೆನಪು ಇನ್ನೂ ಚುರುಕಾಗಬೇಕೇ? 2004ರಲ್ಲಿ ನನ್ನ ಮದುವೆಯಲ್ಲಿ ಎರಡನೇ ಪಂಕ್ತಿಗೆ ಹೋಳಿಗೆ ಕಡಿಮೆ ಬಿದ್ದದ್ದು ಅವರಿಗೆ ಇವತ್ತಿಗೂ ನೆನಪಿದೆ. ಮುಯ್ಯಿಗೆ ಯಾರು ಸ್ಟೀಲ್ ಪಾತ್ರೆ ಕೊಟ್ಟರು, ಯಾರು ಹಿಂಡಾಲಿಯಂನಲ್ಲಿ ಕೈತೊಳೆದುಕೊಂಡರು, ಎಲ್ಲ ಬಾಯಿಪಾಠ. ಅವರಿಗೆ ಮರೆವಿರುವುದು ಮೂರಕ್ಕೇ: ಕನ್ನಡಕ ಇಟ್ಟ ಜಾಗ, ಗ್ಯಾಸ್ ಆರಿಸಿದ್ದು, ಮತ್ತೆ ನಾನು ಮಾಡಿದ ಒಳ್ಳೆಯ ಕೆಲಸ.

ಆದರೂ ರಿಸರ್ಚ್ ಅಂದಮೇಲೆ ನೋಡಬೇಕಲ್ವಾ? ಫ್ಯಾಮಿಲಿ ಗ್ರೂಪಿನಲ್ಲಿ ಬಂದದ್ದು ಒಂದೇ ಸಾಲು: 'ದಿನಕ್ಕೊಂದು ಮಾತ್ರೆ, ಮೆದುಳಿಗೆ ಮೂರು ವರ್ಷ ಕಡಿಮೆ.' ಕೆಳಗೆ ಕೈ ಮುಗಿದ ಚಿತ್ರಗಳು ಹನ್ನೊಂದು. ನಾನು ಸುಮ್ನೆ ಇರಲಾರದೆ ಹುಡುಕಿ ಓದಿದೆ.

ಅಮೆರಿಕದಲ್ಲಿ ಕಾಸ್ಮಾಸ್ ಅಂತ ಒಂದು ದೊಡ್ಡ ಪ್ರಯೋಗ, ಕೋಕೋ ಮತ್ತೆ ಮಲ್ಟಿವಿಟಮಿನ್ ಎರಡರದ್ದೂ. 21,000ಕ್ಕೂ ಜಾಸ್ತಿ ಜನ. ಹೆಂಗಸರಿಗೆ 65 ಆಗಿರಬೇಕು, ಗಂಡಸರಿಗೆ 60. ದುಡ್ಡಿನಲ್ಲಿ ಒಂದು ಪಾಲು ಚಾಕೊಲೇಟ್ ಕಂಪನಿಯದು. ಕೋಕೋದಿಂದ ಏನಾದರೂ ಲಾಭವಿದೆಯೇ ಎಂದು ನೋಡುವ ಆಸೆ ಅವರಿಗೆ. ಚಾಕೊಲೇಟ್ ಮಾರುವವರಿಗೆ ಇಂಥ ಆಸೆ ಸಹಜವೇ. ಆ ಜನರಲ್ಲಿ 3,500ಕ್ಕೂ ಹೆಚ್ಚು ಮಂದಿ ಮನೆಯಲ್ಲೇ ಕಂಪ್ಯೂಟರ್ ಮುಂದೆ ಕೂತು ನೆನಪಿನ ಪರೀಕ್ಷೆ ಬರೆದರು. ಪರದೆಯ ಮೇಲೆ 20 ಪದ ಬರುತ್ತವೆ. ಆಮೇಲೆ ಎಷ್ಟು ನೆನಪಿದೆಯೋ ಅಷ್ಟನ್ನು ಟೈಪ್ ಮಾಡಬೇಕು. 2023ರಲ್ಲಿ ಫಲಿತಾಂಶ ಬಂತು. ಒಂದು ವರ್ಷ ವಿಟಮಿನ್ ಮಾತ್ರೆ ನುಂಗಿದವರು ಸರಾಸರಿ 7.10 ಪದದಿಂದ 7.81ಕ್ಕೆ ಏರಿದ್ದರು. ಒಳಗೆ ಏನೂ ಇಲ್ಲದ ಪೊಳ್ಳು ಮಾತ್ರೆ ನುಂಗಿದವರೂ ಏರಿದ್ದರು, 7.21ರಿಂದ 7.65ಕ್ಕೆ. ಅದೇ ಪರೀಕ್ಷೆ ಎರಡನೇ ಸಲ ಬರೆದರೆ ಯಾರಿಗಾದರೂ ಸ್ವಲ್ಪ ಜಾಸ್ತಿ ಬರುತ್ತದೆ. ನನ್ನ ಮಗನಿಗೂ ಬರುತ್ತದೆ.

ಒಂದರಲ್ಲಿ ಒಂದು ಕಳೆದರೆ ಉಳಿದದ್ದು ಸುಮಾರು ಕಾಲು ಪದ.

ಕಾಲು ಪದ ಅಂದರೆ ಎಷ್ಟು ಅಂತ ಅಡುಗೆಮನೆಯಲ್ಲಿ ನಿಂತು ಯೋಚಿಸಿದೆ. ಈಳಿಗೆಮಣೆಯ ಪಕ್ಕ ಹೀರೇಕಾಯಿ ಬಿದ್ದಿತ್ತು. ನಾಲ್ಕು ಅಕ್ಷರ. ಕಾಲು ಭಾಗ ಅಂದರೆ 'ಹೀ'. ವರ್ಷಪೂರ್ತಿ ಮಾತ್ರೆ ನುಂಗಿದ ಅತ್ತೆ ಸಂತೆಗೆ ಹೋಗಿ 'ಹೀ' ಅಂದರೆ ತರಕಾರಿಯವನು ಏನು ತೂಗಿಯಾನು?

ಹಾಗಾದರೆ ಮೂರು ವರ್ಷ ಎಲ್ಲಿಂದ ಬಂತು? ವಯಸ್ಸು ಒಂದು ವರ್ಷ ಏರಿದರೆ ನೆನಪಿನಿಂದ ಎಷ್ಟು ಪದ ಉದುರುತ್ತದೆ ಎಂದು ಅವರು ಲೆಕ್ಕ ಹಾಕಿದರು. ಅದು ಕಾಲು ಪದಕ್ಕಿಂತಲೂ ಚಿಲ್ಲರೆ. ಆ ಚಿಲ್ಲರೆಯಿಂದ ಕಾಲು ಪದವನ್ನು ಭಾಗಿಸಿದಾಗ 3.1 ವರ್ಷ ಬಂತು. ಲೆಕ್ಕ ತಪ್ಪಲ್ಲ. ಪ್ರಯೋಗವೂ ಸುಳ್ಳಲ್ಲ, ಅದರ ಇನ್ನೆರಡು ಕವಲಿನಲ್ಲೂ ಸ್ವಲ್ಪ ಲಾಭ ಕಂಡಿದೆ. ಆದರೆ 'ಬನ್ನಿ, ಕಾಲು ಪದ ಕೊಂಡುಕೊಳ್ಳಿ' ಅಂತ ಯಾರಾದರೂ ಅಂಗಡಿ ತೆರೆಯುತ್ತಾರೆಯೇ?

"ಗಂಡಸರಿಗೆ ಏನೂ ತಂದಿಲ್ವಾ?" ಎಂದು ಮಾವ ಪೇಪರಿನ ಹಿಂದಿನಿಂದ ಕೇಳಿದರು. 65 ದಾಟಿದ ಸುಮಾರು 6,000 ಗಂಡು ಡಾಕ್ಟರುಗಳು 12 ವರ್ಷ ಪ್ರಯೋಗದಲ್ಲಿದ್ದರು, ವಿಟಮಿನ್ನಿಗೂ ಪೊಳ್ಳು ಮಾತ್ರೆಗೂ ಬುದ್ಧಿಯಲ್ಲಿ ಯಾವ ವ್ಯತ್ಯಾಸವೂ ಕಾಣಲಿಲ್ಲ, 2013ರಲ್ಲಿ ಅದೂ ಅಚ್ಚಾಗಿದೆ ಎಂದೆ. "ಡಾಕ್ಟರಿಗೇ ಆಗಿಲ್ಲ ಅಂದ್ರೆ ಬಿಡು," ಎಂದು ಪೇಪರಿನೊಳಗೆ ವಾಪಸ್ ಹೋದರು. ಈ ಸುದ್ದಿ ಮಾತ್ರ ಗ್ರೂಪಿಗೆ ಬರಲೇ ಇಲ್ಲ.

ಇನ್ನು ಮೂಡಿನ ವಿಷಯ. ಆಸ್ಟ್ರೇಲಿಯಾದ ಮೆಲ್ಬರ್ನಿನಲ್ಲಿ 50ರಿಂದ 75 ವರ್ಷದ 76 ಹೆಂಗಸರನ್ನು ಕೂರಿಸಿ ಕೆಲವರಿಗೆ ವಿಟಮಿನ್, ಕೆಲವರಿಗೆ ಪೊಳ್ಳು, ಒಂದೇ ಒಂದು ಮಾತ್ರೆ ಕೊಟ್ಟರು. ಒಂದೆರಡು ಗಂಟೆ ಕಳೆಯುವುದರೊಳಗೆ ವಿಟಮಿನ್ ನುಂಗಿದವರಿಗೆ ಮನಸ್ಸಿನ ಒತ್ತಡ ಕಮ್ಮಿ ಅನಿಸಿತು. ಬುದ್ಧಿಯ ಪರೀಕ್ಷೆಯಲ್ಲಿ ಮಾತ್ರ ಏನೂ ಬದಲಾಗಲಿಲ್ಲ. ಒಂದೆರಡು ಗಂಟೆ! ನಮ್ಮ ಕಡೆ ಒಂದು ಲೋಟ ಫಿಲ್ಟರ್ ಕಾಫಿಗೆ ಹತ್ತು ನಿಮಿಷ ಸಾಕು. ಅದನ್ನು ಬೇರೆ ಯಾರಾದರೂ ಮಾಡಿ ಕೈಗೆ ಕೊಟ್ಟರೆ ಐದೇ ನಿಮಿಷ.

ಇದೇನು ಅಮೆರಿಕದ ಡಬ್ಬದ ಕಥೆ ಮಾತ್ರ ಅಲ್ಲ. ನಮ್ಮ ಬೀದಿಯ ಮೆಡಿಕಲ್ ಶಾಪಿನಲ್ಲೂ ಹಿರಿಯ ಮಹಿಳೆಯರಿಗೆ ಅಂತ ಗುಲಾಬಿ ಡಬ್ಬ ಇದೆ. ಎದುರಿಗೆ ಹೊಳೆಯುವ ಮೆದುಳಿನ ಚಿತ್ರ. ಪಕ್ಕದಲ್ಲಿ ಮಂಡಿನೋವೇ ಕಾಣದ ಒಬ್ಬ ಅಜ್ಜಿ ಹಲ್ಲು ಬಿಟ್ಟು ನಗುತ್ತಿದ್ದಾರೆ. ಹಿಂದೆ, ಅತ್ತೆಯ ಕನ್ನಡಕಕ್ಕೂ ಸಿಗದ ಅಕ್ಷರದಲ್ಲಿ, 'ನಾಟ್ ಫಾರ್ ಮೆಡಿಸಿನಲ್ ಯೂಸ್.' ಕಾನೂನಿನ ಪ್ರಕಾರ ಅದು ಔಷಧಿಯಲ್ಲ, ಆಹಾರ. ಅಂದರೆ ಅವಲಕ್ಕಿಯ ಜಾತಿ. ಆದರೆ ಅವಲಕ್ಕಿ ಪೊಟ್ಟಣದ ಮೇಲೆ ಮೆದುಳಿನ ಚಿತ್ರ ಹಾಕಲು ಇನ್ನೂ ಯಾರಿಗೂ ಧೈರ್ಯ ಬಂದಿಲ್ಲ.

ಅಂದಹಾಗೆ, ಈ ಡಬ್ಬಗಳು ಬಂದದ್ದು ಯಾಕೆ ಅಂತ ಹೇಳಲೇ ಇಲ್ಲ. ಹೋದ ವರ್ಷ ಅತ್ತೆಗೆ ಸುಸ್ತು, ಬೇಸರ, ಪಾದದಲ್ಲಿ ಜುಮುಜುಮು. ಈರುಳ್ಳಿಯನ್ನೂ ಲೆಕ್ಕ ಹಾಕಿ ತಿನ್ನುವ ಸಸ್ಯಾಹಾರಿ ಅವರು. ಸಕ್ಕರೆ ಕಾಯಿಲೆಗೆ 12 ವರ್ಷದಿಂದ ಮೆಟ್‌ಫಾರ್ಮಿನ್ ನುಂಗುತ್ತಿದ್ದಾರೆ. ಬಿ12 ಸೊಪ್ಪು ತರಕಾರಿಯಲ್ಲಿ ಇರುವುದಿಲ್ಲ, ಹಾಲು ಮೊಸರಿನಲ್ಲಿ ಒಂದಿಷ್ಟು ಇದೆ. ವರ್ಷಗಟ್ಟಲೆ ಮೆಟ್‌ಫಾರ್ಮಿನ್ ತಗೊಂಡರೆ ಆ ಒಂದಿಷ್ಟೂ ಸರಿಯಾಗಿ ಮೈಗೆ ಹತ್ತುವುದಿಲ್ಲ. ಬಿ12 ಕಮ್ಮಿಯಾದರೆ ಮರೆವೂ ಬರಬಹುದು, ಮಂಕೂ ಕವಿಯಬಹುದು. ಗೊತ್ತಾಗಲು ಒಂದು ರಕ್ತಪರೀಕ್ಷೆ ಸಾಕು. 12 ವರ್ಷದಲ್ಲಿ ಯಾರೂ ಅದನ್ನು ಬರೆದಿರಲಿಲ್ಲ. ನಾನೇ ಕೇಳಿ ಮಾಡಿಸಿದೆ, ಕಮ್ಮಿ ಬಂತು. ಡಾಕ್ಟರು ಇಂಜೆಕ್ಷನ್ ಬರೆದರು, ಅತ್ತೆ ಎದ್ದು ಓಡಾಡಿದರು. ಫೋನಿನಲ್ಲಿ ಹೇಳಿದಾಗ ಮೈದುನನಿಗೆ ಸಮಾಧಾನವಾಗಲಿಲ್ಲ. "ಬರೀ ಒಂದೇ ವಿಟಮಿನ್ನಾ ಅತ್ತಿಗೆ?" ಅಂದ. ವಿಟಮಿನ್ನು, ಖನಿಜ ಎಲ್ಲ ಸೇರಿ ಇಪ್ಪತ್ತಕ್ಕೂ ಜಾಸ್ತಿ ಇರುವ ಡಬ್ಬ ಹೊತ್ತು ತಂದ.

ತಂದಮೇಲೆ ಅದರ ಉಸ್ತುವಾರಿಯೂ ಆಗಬೇಕಲ್ಲ. ಮೊದಲು ಭಾನುವಾರ ಮಾತ್ರ ಫೋನ್ ಮಾಡುತ್ತಿದ್ದವನು ಈಗ ದಿನಾ ಮಾಡುತ್ತಾನೆ.

"ಅಮ್ಮ, ಮಾತ್ರೆ ತಗೊಂಡ್ಯಾ?"

"ಅಯ್ಯೋ, ಮರೆತೇಹೋಯ್ತು ಕಣೋ."

"ಅರ್ಧ ಗಂಟೆ ಬಿಟ್ಟು ಮತ್ತೆ ಮಾಡ್ತೀನಿ. ಅಷ್ಟರಲ್ಲಿ ತಗೊಂಡಿರು."

ಅತ್ತೆ ಫೋನ್ ಇಟ್ಟು, ತಲೆ ಬಾಚಿ, ಕುಂಕುಮ ಸರಿಮಾಡಿಕೊಂಡು ಎರಡನೇ ಕರೆಗೆ ಕಾಯುತ್ತಾರೆ. ಅದು ವಿಡಿಯೋ ಕರೆ. ಡಬ್ಬ ಎತ್ತಿ ತೋರಿಸಬೇಕು. ಮಾತ್ರೆ ಇಳಿಯುತ್ತಿರುವುದನ್ನು ನೋಡಿ ಮಗನಿಗೆ ಖುಷಿ. ಇಳಿದದ್ದೆಲ್ಲ ಅಡುಗೆಮನೆಯ ಮೇಲಿನ ಶೆಲ್ಫಿನಲ್ಲಿ, ಹಳೇ ಹಾರ್ಲಿಕ್ಸ್ ಬಾಟಲಿಯಲ್ಲಿ ತುಂಬುತ್ತಿರುವುದು ಅವನಿಗೆ ಕಾಣಿಸುವುದಿಲ್ಲ. ನಾನು ಒಮ್ಮೆ ಬಾಯಿ ತೆರೆದೆ. "ನೀನು ಸುಮ್ನಿರೇ," ಅಂದರು.

ಗೌರಿ ಹಬ್ಬ ಬಂತು. ಅತ್ತೆ ಬಾಗಿನದ ಮೊರ ಕಟ್ಟಲು ಕೂತರು. ಅರಿಶಿನ, ಕುಂಕುಮ, ಬಳೆ, ಬಿಚ್ಚೋಲೆ, ಬೇಳೆ, ಬೆಲ್ಲ. ಜೊತೆಗೆ ಒಂದೊಂದು ಮೊರಕ್ಕೂ ಒಂದು ಜಿಪ್ ಕವರ್, ಅದರೊಳಗೆ ಹತ್ತು ಮಾತ್ರೆ. "ಅಮೆರಿಕದ್ದು ಕಣ್ರೀ, ನೆನಪಿಗೆ ಒಳ್ಳೇದು. ನನ್ನ ಮಗ ತಂದಿದ್ದು," ಎಂದು ಬಾಗಿನ ಕೊಟ್ಟರು.

ಹತ್ತು ದಿನ ಬಿಟ್ಟು ಪಕ್ಕದ ಮನೆಯವರು ನಗುನಗುತ್ತಾ ಬಂದರು. "ಮಾತ್ರೆ ಏನು ಕೆಲಸ ಮಾಡ್ತಿದೆ ಅಂತೀರಾ! ತಲೆ ಎಷ್ಟು ಚುರುಕಾಗಿದೆ! ಇನ್ನೊಂದಿಷ್ಟು ಇದ್ರೆ ಕೊಡಿ. ಹಾಂ, ನಿಮ್ಮ ಹಿತ್ತಲಲ್ಲಿ ಬಳ್ಳಿಗೆ ಬಿಟ್ಟಿದೆಯಲ್ಲ, ಅದೂ ಒಂದು ಬೇಕಿತ್ತು. ಅದೇ ರೀ... ಹೀ... ಹೀ..."

"ಹೀರೇಕಾಯಿ," ಅಂದರು ಅತ್ತೆ. "ಹೋದ ತಿಂಗಳು ಏಕಾದಶಿ ಮಾರನೇ ದಿನ ಎರಡು ತಗೊಂಡು ಹೋಗಿದ್ರಿ. ಜೊತೆಗೆ ನಮ್ಮ ಸ್ಟೀಲ್ ಬೋಸಿ."